ಗೋಡೆಯ ಹಾಳೆಯಲ್ಲಿ ಇಲ್ಲದ ಸಾಲು

ಮೊನ್ನೆ ಮಂಗಳವಾರದಿಂದ ನನಗೆ ಆಘಾತವಾಗಿದೆ. ಗಾಬರಿಯಾಗಬೇಡಿ, ಯಾರೂ ಆಸ್ಪತ್ರೆ ಸೇರಿಲ್ಲ, ಮನೆಗೆ ಕಳ್ಳರು ನುಗ್ಗಿಲ್ಲ. ದೆಹಲಿಯ ಜನಕಪುರಿಯ ನಮ್ಮ ಮನೆಯಲ್ಲಿ ಎಂದಿನಂತೆ ಬೆಳಿಗ್ಗೆ ನೀರು ಬಂತು, ಮೆಟ್ರೋದಲ್ಲಿ ಎಂದಿನಂತೆ ಕೂರಲು ಜಾಗ ಸಿಗಲಿಲ್ಲ. ಆದರೆ ಹನ್ನೊಂದು ವರ್ಷಗಳಿಂದ ನಾನು ಹೋದಲ್ಲೆಲ್ಲ ಮೆರೆಸಿಕೊಂಡು ಬಂದ ಒಂದು ಸಂಖ್ಯೆ ತಪ್ಪು ಎಂದು ಅಂದು ಮಧ್ಯಾಹ್ನ ಊಟಕ್ಕೆ ಮುಂಚೆ ಗೊತ್ತಾಯಿತು. ಅಂದಿನಿಂದ ಹಾಲಿನವನ ಲೆಕ್ಕವನ್ನೂ ಎರಡು ಸಲ ಕೂಡಿಸುತ್ತಿದ್ದೇನೆ.

ನನ್ನ ಕಸುಬು ಮಂಜು. ದೆಹಲಿಯ ಚಳಿಗಾಲದಲ್ಲಿ ಎದುರು ಮನೆಯನ್ನೂ ಮರೆಮಾಡುವ ಆ ಮಂಜು ಕವಿದರೆ ಕರಗಲು ಎಷ್ಟು ಹೊತ್ತು ಬೇಕು ಎಂದು ಲೆಕ್ಕ ಹಾಕುವ ಪ್ರೋಗ್ರಾಮನ್ನು ನನ್ನ ಪಿಎಚ್.ಡಿ.ಗಾಗಿ ಬರೆದಿದ್ದೆ. ಒಂದು ಮಾದರಿ ಮಂಜಿಗೆ ಅದು ಕೊಟ್ಟ ಉತ್ತರ ಏಳು ಗಂಟೆ ಇಪ್ಪತ್ತು ನಿಮಿಷ. ಆ ಲೆಕ್ಕದ ಕಷ್ಟದ ಭಾಗವನ್ನೆಲ್ಲ ಮಾಡುವುದು ನಾನಲ್ಲ, ಒಂದು ಲೈಬ್ರರಿ. ಲೈಬ್ರರಿ ಎಂದರೆ ಪುಸ್ತಕಗಳ ಮನೆ ಎಂದುಕೊಳ್ಳಬೇಡಿ. ಎಲ್ಲರಿಗೂ ಬೇಕಾಗುವ ಕಠಿಣ ಲೆಕ್ಕಗಳನ್ನು ಯಾರೋ ಪುಣ್ಯಾತ್ಮರು ಮೊದಲೇ ಬರೆದು, ಕಟ್ಟು ಕಟ್ಟಿ ಇಟ್ಟಿರುತ್ತಾರೆ. ಅದನ್ನು ತಂದು ಯುನಿಕ್ಸ್ ಎಂಬ ವ್ಯವಸ್ಥೆಯಲ್ಲಿ ನಡೆಯುವ ನಮ್ಮ ಕಂಪ್ಯೂಟರಿನಲ್ಲಿ ಇನ್‌ಸ್ಟಾಲ್ ಮಾಡಿಕೊಳ್ಳಬೇಕು.

ಈ ಇನ್‌ಸ್ಟಾಲ್ ಎಂಬುದು ಒಂದು ವ್ರತ. ಆಜ್ಞೆಗಳನ್ನು ಒಂದಾದ ಮೇಲೊಂದು ಕ್ರಮ ತಪ್ಪದೆ ಟೈಪ್ ಮಾಡಬೇಕು. ಪರದೆಯ ಮೇಲೆ ಸಾವಿರ ಸಾಲುಗಳು ಸರಸರನೆ ಓಡುತ್ತವೆ. ಅವನ್ನು ಓದುವವರಿಲ್ಲ, ಆದರೆ ಓದುತ್ತಿರುವ ಮುಖಭಾವ ಮಾತ್ರ ಎಲ್ಲರಿಗೂ ಇರುತ್ತದೆ. ನಮ್ಮ ಸಂಸ್ಥೆಯಲ್ಲಿ ಈ ವ್ರತದ ಪುರೋಹಿತೆ ನಾನು. ನಾವೆಲ್ಲ ಹಂಚಿಕೊಳ್ಳುವ ದೊಡ್ಡ ಕಂಪ್ಯೂಟರ್ ಇರುವ ಸರ್ವರ್ ಕೋಣೆಯ ಗೋಡೆಯ ಮೇಲೆ ನನ್ನ ಕೈಬರಹದ ಹಾಳೆಯೊಂದಿದೆ. ಅದರಲ್ಲಿ ಏಳು ಸಾಲು, ಕೊನೆಯಲ್ಲಿ ಕೆಂಪು ಶಾಯಿಯಲ್ಲಿ, 'ಹೀಗೆಯೇ ಮಾಡಿ. ಬದಲಾಯಿಸಬೇಡಿ.' ಮೇ ತಿಂಗಳ ಬಿಸಿಲಿಗೆ ಇಡೀ ಕಟ್ಟಡದಲ್ಲಿ ತಂಪಾಗಿರುವುದು ಆ ಕೋಣೆಯೊಂದೇ ಆದ್ದರಿಂದ ಎಲ್ಲರಿಗೂ ಸರ್ವರ್ ಜೊತೆ ಏನಾದರೊಂದು ಕೆಲಸವಿದ್ದೇ ಇರುತ್ತದೆ. ಹೋದವರೆಲ್ಲ ನನ್ನ ಹಾಳೆಯನ್ನು ನೋಡುತ್ತಾರೆ. ಒಮ್ಮೆ ಯಾರೋ ಅದರ ಕೆಳಗೆ ಪೆನ್ಸಿಲಿನಲ್ಲಿ ಏನೋ ಗೀಚಿದ್ದರು. ನನಗೆ ಎಲ್ಲಿಲ್ಲದ ಸಿಟ್ಟು ಬಂದು ರಬ್ಬರಿನಿಂದ ಉಜ್ಜಿ ಉಜ್ಜಿ ಅಳಿಸಿದ್ದೆ.

ಈಗ ನಸ್ರೀನ್ ವಿಷಯಕ್ಕೆ ಬರುತ್ತೇನೆ. ಧಾರವಾಡದ ಹುಡುಗಿ, ನನ್ನ ಬಳಿ ಪಿಎಚ್.ಡಿ. ಮಾಡುತ್ತಿದ್ದಾಳೆ. ಈ ಶುಕ್ರವಾರದೊಳಗೆ ಪ್ರಬಂಧ ಸಲ್ಲಿಸಿದರೆ ಅವಳಿಗೆ ಊರಿನ ಕಾಲೇಜಿನಲ್ಲಿ ಕೆಲಸ ಸಿಗುತ್ತದೆ, ಇಲ್ಲದಿದ್ದರೆ ಅದು ಇನ್ನೊಬ್ಬರ ಪಾಲು. ಸಲ್ಲಿಸಲು ನನ್ನ ಸಹಿ ಬೇಕು. ಮೂರು ವಾರದಿಂದ ನಾನು ಸಹಿ ಹಾಕಿರಲಿಲ್ಲ. ಕಾರಣವಿಷ್ಟೆ: ನನ್ನ ಪ್ರೋಗ್ರಾಮು ಅವಳ ಲ್ಯಾಪ್‌ಟಾಪಿನಲ್ಲಿ ಅದೇ ಮಂಜಿಗೆ ಆರು ಗಂಟೆ ನಲವತ್ತು ನಿಮಿಷ ಎನ್ನುತ್ತಿತ್ತು. ನನ್ನ ನಲವತ್ತು ನಿಮಿಷಗಳನ್ನು ಅವಳು ಎಲ್ಲೋ ಕಳೆದುಹಾಕಿದ್ದಾಳೆ ಎಂದೇ ನನ್ನ ತೀರ್ಮಾನ.

"ಲೈಬ್ರರಿ ಸರಿಯಾಗಿ ಇನ್‌ಸ್ಟಾಲ್ ಮಾಡಿಲ್ಲ ನೀನು. ನನ್ನ ಹಾಳೆ ನೋಡಿಕೊಂಡು ಮತ್ತೆ ಮಾಡು" ಎಂದೆ. ಮಾಡಿದಳು. ಮತ್ತೆ ಮಾಡು ಎಂದೆ. ಮತ್ತೆ ಮಾಡಿದಳು. ಮೂರನೆಯ ಸಲ ಅವಳ ಕಣ್ಣಲ್ಲಿ ನೀರಿತ್ತು. "ಪ್ರತಿ ಸಲ ಅದೇ ಬರ್ತದ್ರೀ ಮೇಡಮ್" ಎಂದಳು. ನನಗೆ ಕರುಣೆ ಬಂತು. ಎಂಥ ಕರುಣೆ ಅಂತೀರಿ! ನಾನೇ ಸ್ವತಃ ಇನ್‌ಸ್ಟಾಲ್ ಮಾಡಿ, ಇವಳ ತಪ್ಪನ್ನು ತೋರಿಸಿಕೊಟ್ಟು ಉದ್ಧಾರ ಮಾಡುತ್ತೇನೆ ಎಂಬ ಕರುಣೆ.

ಹಾಗಾಗಿ ಮಂಗಳವಾರ ಬೆಳಿಗ್ಗೆ ನನ್ನ ಹೊಸ ಲ್ಯಾಪ್‌ಟಾಪನ್ನು ಮುಂದಿಟ್ಟುಕೊಂಡು, ನಸ್ರೀನಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪಾಠ ಹೇಳುವ ಗತ್ತಿನಲ್ಲಿ ಏಳು ಸಾಲುಗಳನ್ನೂ ಟೈಪ್ ಮಾಡಿದೆ. ಸಾವಿರ ಸಾಲು ಓಡಿದವು. ಓದುವ ಮುಖಭಾವ ಧರಿಸಿದೆ. ಕೊನೆಗೆ ಪ್ರೋಗ್ರಾಮನ್ನು ಓಡಿಸಿದರೆ ಅದು ಓಡಲೇ ಇಲ್ಲ. ಲೈಬ್ರರಿ ಸಿಗುತ್ತಿಲ್ಲ ಎಂದಿತು. ಈಗತಾನೇ ಕೈಯಾರೆ ಇಟ್ಟ ಲೈಬ್ರರಿ!

"ಹೊಸಾದು ಎಲ್ಲಿ ಐತಿ ಅಂತ ಸಿಸ್ಟಮ್‌ಗೆ ಹೇಳ್ಬೇಕ್ರೀ ಮೇಡಮ್. ಒಂದು ಸಾಲು ಬೇಕಾಗ್ತದ" ಎಂದು ನಸ್ರೀನ್ ಮೆಲ್ಲಗೆ ಹೇಳಿದಳು.

"ನನ್ನ ಹಾಳೆಯಲ್ಲಿ ಇಲ್ಲವಲ್ಲ?"

"ಇಲ್ರೀ."

ಆ ಸಾಲನ್ನು ಅವಳೇ ಟೈಪ್ ಮಾಡಿದಳು. ಪ್ರೋಗ್ರಾಮ್ ಓಡಿತು. ಆರು ಗಂಟೆ ನಲವತ್ತು ನಿಮಿಷ.

ಹಾಗಾದರೆ ಸರ್ವರ್‌ನಲ್ಲಿ ಇಷ್ಟು ವರ್ಷ ಆ ಸಾಲಿಲ್ಲದೆ ಹೇಗೆ ಓಡುತ್ತಿತ್ತು? ಇಬ್ಬರೂ ಸರ್ವರ್ ಕೋಣೆಗೆ ಓಡಿದೆವು. ಪ್ರೋಗ್ರಾಮ್ ನಿಜವಾಗಿ ಯಾವ ಲೈಬ್ರರಿಯನ್ನು ಬಳಸುತ್ತಿದೆ ಎಂದು ಕೇಳುವ ಸಣ್ಣ ಆಜ್ಞೆಯೊಂದಿದೆ. ನಾನದನ್ನು ಎಂದೂ ಕೇಳಿರಲಿಲ್ಲ. ನಸ್ರೀನ್ ಕೇಳಿದಳು. ಸರ್ವರ್ ಒಂದಿಷ್ಟೂ ಸಂಕೋಚವಿಲ್ಲದೆ ಉತ್ತರ ಕೊಟ್ಟಿತು: ಮೊದಲಿನಿಂದಲೂ ಅಲ್ಲೇ ಇದ್ದ ಹಳೆಯದನ್ನು.

ಇದನ್ನು ಅಡುಗೆಮನೆಯ ಮಾತಿನಲ್ಲಿ ಹೇಳುತ್ತೇನೆ. ಹಳೆಯ ಕುಕ್ಕರ್ ಕೆಟ್ಟಿದೆ ಎಂದು ಹೊಸದು ತಂದಿರಿ. ಅದನ್ನು ಅಟ್ಟದ ಮೇಲಿಟ್ಟಿರಿ. ಎಲ್ಲಿಟ್ಟಿದ್ದೀರಿ ಎಂದು ಅಡುಗೆಯವರಿಗೆ ಹೇಳಲಿಲ್ಲ. ಅವರು ಕೈಗೆ ಸಿಕ್ಕ ಹಳೆಯದರಲ್ಲೇ ಬೇಳೆ ಬೇಯಿಸುತ್ತಾ ಹೋದರು. ನೀವು ಮಾತ್ರ ಬಂದವರಿಗೆಲ್ಲ ಹೊಸ ಕುಕ್ಕರಿನ ಸಾರು ಎಂದು ಬಡಿಸಿದಿರಿ. ಹಳೆಯ ಲೈಬ್ರರಿಯಲ್ಲಿ ಒಂದು ದೋಷವಿದೆ ಎಂದು ಅದನ್ನು ಬರೆದವರೇ ಅಂದು ಸಾರಿದ್ದರು, ಅದಕ್ಕೆಂದೇ ನಾನು ಹೊಸದನ್ನು ಹಾಕಿದ್ದೆ. ಹೊಸದನ್ನೇ ಬಳಸಿದ್ದೇನೆ ಎಂದು ಪ್ರಬಂಧದಲ್ಲಿ ಠೀವಿಯಿಂದ ಬರೆದೂ ಇದ್ದೆ. ನನ್ನ ಹಾಳೆಯನ್ನು ನಂಬಿದ ವಿದ್ಯಾರ್ಥಿಗಳಿಗೆಲ್ಲ ಆ ಸರ್ವರ್‌ನಲ್ಲಿ ನನ್ನ ಸಂಖ್ಯೆಯೇ ಬಂತು. ಎಲ್ಲರಿಗೂ ಒಂದೇ ಬರುತ್ತಿದೆಯಲ್ಲ, ಸರಿಯೇ ಇರಬೇಕು ಎಂದು ನಾನು ಬೀಗಿದೆ.

ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಲೆಕ್ಕ ಮಾಡುವವರು ಅಚ್ಚಾದ ಕೋಷ್ಟಕಗಳನ್ನು ನಂಬಿಕೊಂಡಿದ್ದರು. ಆ ಕೋಷ್ಟಕಗಳಿಗೆ ತಪ್ಪೋಲೆ, ಅಂದರೆ ಅಚ್ಚಿನ ತಪ್ಪುಗಳನ್ನು ತಿದ್ದುವ ಪಟ್ಟಿ, ಇರುತ್ತಿತ್ತು, ಕೆಲವೊಮ್ಮೆ ಆ ತಪ್ಪೋಲೆಗೂ ಒಂದು ತಪ್ಪೋಲೆ ಇರುತ್ತಿತ್ತು. ತರಗತಿಯಲ್ಲಿ ಇದನ್ನು ಹೇಳಿ ಪ್ರತಿ ವರ್ಷ ನಗಿಸುತ್ತೇನೆ. ನನ್ನ ಹಾಳೆಗೂ ಒಂದು ಬೇಕಿತ್ತು ಎಂದು ನನಗೇಕೆ ಹೊಳೆಯಲಿಲ್ಲವೋ. ಇನ್ನೊಂದು ಆಘಾತವನ್ನೂ ಹೇಳಿಬಿಡುತ್ತೇನೆ. ಹನ್ನೊಂದು ವರ್ಷದಲ್ಲಿ ಲೋಕದ ಯಾವ ಮೂಲೆಯಿಂದಲೂ ಒಬ್ಬರಾದರೂ ನಿಮ್ಮ ಲೆಕ್ಕ ತಪ್ಪು ಎಂದು ನನಗೆ ಬರೆಯಲಿಲ್ಲ. ಅಂದರೆ ಅದನ್ನು ಓದಿದವರು ಎಷ್ಟು ಜನ ಎಂದು ಊಹಿಸಿಕೊಳ್ಳಿ.

"ಇದು ನಿನಗೆ ಯಾವಾಗ ಗೊತ್ತಾಯಿತು?" ಎಂದು ನಸ್ರೀನಳನ್ನು ಕೇಳಿದೆ.

"ಆ ಸಾಲು ಬೇಕು ಅಂತ ಆರು ತಿಂಗಳ ಹಿಂದೇನ ಗೊತ್ತಾತ್ರೀ. ನಿಮ್ಮ ಹಾಳಿ ಕೆಳಗ ಪೆನ್ಸಿಲ್‌ಲೆ ಬರದಿದ್ದೆ. ಮರುದಿನ ನೋಡಿದ್ರ ಇರ್ಲಿಲ್ಲ. ಸಫಾಯಿ ಮಾಡೋ ಭಯ್ಯಾ ಒರಸಿರ್ಬೇಕು ಅನ್ಕೊಂಡೆ."

ಭಯ್ಯಾ ಪಾಪ, ಆ ಗೋಡೆಯ ಹತ್ತಿರ ಕೂಡ ಹೋಗುವವನಲ್ಲ. ಅವಳ ಪ್ರಬಂಧಕ್ಕೆ ಸಹಿ ಹಾಕಿ ಕೊಟ್ಟೆ, ನಾಚಿಕೆಗೆ ಕೈಬರಹವೇ ಬೇರೆಯಾಗಿತ್ತು. ಮೂರು ವಾರ ಅವಳನ್ನು ಅಳಿಸಿದ್ದೂ ನಾನೇ, ಅವಳ ಸಾಲನ್ನು ಅಳಿಸಿದ್ದೂ ನಾನೇ. ಮೊದಲನೆಯದನ್ನಾದರೂ ಅವಳು ಕಣ್ಣಾರೆ ಕಂಡಿದ್ದಳು, ಎರಡನೆಯದು ಅವಳಿಗೆ ಗೊತ್ತೇ ಇರಲಿಲ್ಲ.

ಸಂಜೆ ಮನೆಯಲ್ಲಿ ಒಂಬತ್ತನೇ ಕ್ಲಾಸಿನ ಮಗಳು ಇಳಾ ಕತೆಯನ್ನೆಲ್ಲ ಕೇಳಿಸಿಕೊಂಡಳು. ಅವಳ ಕನ್ನಡ ಅರ್ಧ ದಾರಿಗೆ ಬಂದು ಮೆಟ್ರೋ ಬದಲಾಯಿಸುತ್ತದೆ. "ಅಚ್ಛಾ, ಅಮ್ಮಾ, ಇರೇಸ್ ಮಾಡಿದ್ದು ನೀನೇ ಅಂತ ಅಕ್ಕನಿಗೆ ಹೇಳ್ದ್ಯಾ? ನಹೀಂ? ಸೀರಿಯಸ್ಲೀ?" ಎಂದಳು. ನಾನು ಮಂಜು, ಲೈಬ್ರರಿ, ನನ್ನ ಲೆಕ್ಕವನ್ನು ಅಚ್ಚು ಮಾಡಿದ ಸಂಶೋಧನಾ ಪತ್ರಿಕೆಗೆ ಕಳಿಸಬೇಕಾದ ತಿದ್ದುಪಡಿ ಪತ್ರ ಎಂದೆಲ್ಲ ಸುತ್ತಿ ಬಳಸಿ ಮಾತಾಡಿದೆ. "ಅದೆಲ್ಲ ಠೀಕ್ ಹೈ, ಹೇಳ್ದ್ಯಾ?" ಎಂದು ಅಲ್ಲಿಗೇ ಬಂದಳು.

ಬುಧವಾರ ಬೆಳಿಗ್ಗೆ ಹೇಳಿದೆ. ಒರೆಸಿದ್ದು ಭಯ್ಯಾ ಅಲ್ಲ, ನಾನು. ಏನು ಬರೆದಿದೆ ಎಂದು ಓದಲೂ ಇಲ್ಲ. ತಪ್ಪಾಯಿತು. ನಸ್ರೀನ್ ಬೆಪ್ಪಾಗಿ ನನ್ನನ್ನೇ ನೋಡಿದಳು. ಆಮೇಲೆ ನಗತೊಡಗಿದಳು. ಆ ನಗು ನಿಲ್ಲುವಷ್ಟರಲ್ಲಿ ನನಗೂ ನಗು ಬಂದಿತ್ತು, ಕಣ್ಣೂ ಒದ್ದೆಯಾಗಿತ್ತು.

ಗೋಡೆಯ ಬಳಿಗೆ ಕರೆದುಕೊಂಡು ಹೋಗಿ, ನನ್ನ ಕೆಂಪು ಶಾಯಿಯ ಪೆನ್ನನ್ನು ಅವಳ ಕೈಗೆ ಕೊಟ್ಟು, "ಎಂಟನೇ ಸಾಲು ನೀನೇ ಬರೆ" ಎಂದೆ.

ಅವಳು ಪೆನ್ನನ್ನು ಹಿಂದಕ್ಕೆ ಕೊಟ್ಟು ಬ್ಯಾಗಿನಿಂದ ಪೆನ್ಸಿಲ್ ತೆಗೆದಳು. "ಇದ ಸಾಕ್ರೀ ಮೇಡಮ್. ನಾಳೆ ಯಾರಿಗರೆ ಇದೂ ತಪ್ಪು ಅನ್ನಿಸಬಹುದು" ಎಂದು ಬರೆದಳು.

ನಿನ್ನೆ ಅವಳು ಪ್ರಬಂಧ ಸಲ್ಲಿಸಿದಳು. ನನ್ನ ಮೇಜಿನ ಡ್ರಾಯರಿನಲ್ಲಿದ್ದ ರಬ್ಬರನ್ನು ನಾನು ಇಳಾಗೆ ಕೊಟ್ಟುಬಿಟ್ಟಿದ್ದೇನೆ.