ಒಂದು ಡ್ರಮ್ಮಿಗೆ ಎರಡು ಚೀಟಿ

ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ನನ್ನ ನಾದಿನಿಗೆ ‘ಅರ್ಧ ಗ್ರಾಂ’ ಎಂದೇ ಹೆಸರು. ಯಾವ ಬಣ್ಣಕ್ಕೆ ಯಾವ ಪುಡಿ ಎಷ್ಟು ಎಂಬ ಅಳತೆಪಟ್ಟಿ ಅವಳ ಕೈಯಲ್ಲಿತ್ತು. ಅರ್ಧ ಗ್ರಾಂ ಹೆಚ್ಚಾದರೂ ಮೇಸ್ತ್ರಿ ಎಂದು ನೋಡದೆ ಎಲ್ಲರೆದುರು ಜಾಡಿಸುತ್ತಿದ್ದಳು. ನಾನು ಅಲ್ಲೇ ಡ್ರಮ್ಮು ತೊಳೆಯುತ್ತಿದ್ದೆ.

ಕಂಪ್ಯೂಟರ್ ಬಂದಾಗ ಅವಳಿಗೆ ನಲವತ್ತೆರಡು. ಪ್ರೋಗ್ರಾಂ ಬರೆಯಲು ಕಲಿತರೆ ಕೆಲಸ ಉಂಟು, ಇಲ್ಲವಾದರೆ ಇಲ್ಲ ಎಂದರು ಯಜಮಾನರು. ಮೂರು ತಿಂಗಳು ತಿಣುಕಿ ಕಲಿತಳು. ಇದ್ದ ಬಣ್ಣವನ್ನೆಲ್ಲ ಪಟ್ಟಿ ಮಾಡಿ ಒಳಗೆ ತುಂಬಿದಳು. ಅಳತೆ ಬರೆದಿಟ್ಟಿದ್ದ ಹಳೆಯ ಪುಸ್ತಕವನ್ನು ಮೇಸ್ತ್ರಿ ನನ್ನ ಕೈಯಿಂದಲೇ ಬಾಯ್ಲರಿಗೆ ಹಾಕಿಸಿದ. ನಾನೂ ಹಾಕಿದೆ.

ಹೊಸ ಗಿರಾಕಿಗೆ ಎಲ್ಲ ಬಣ್ಣವೂ ಇನ್ನಷ್ಟು ತಿಳಿಯಾಗಿ ಬೇಕಿತ್ತು. ಡ್ರಮ್ಮಿನ ಬಣ್ಣ ತಿದ್ದುವ ಮೊದಲು ಇದ್ದದ್ದನ್ನು ಒಂದು ಶೀಶೆಯಲ್ಲಿ ತೆಗೆದಿಟ್ಟು ಚೀಟಿ ಅಂಟಿಸುವುದು ನಮ್ಮ ರೂಢಿ. ಕಂಪ್ಯೂಟರಿನಲ್ಲೂ ಅವಳು ಅದನ್ನೇ ಮಾಡಿದೆನೆಂದುಕೊಂಡಳು. ‘ಹಳೆಯದು’ ಎಂದು ಹೊಸ ಹೆಸರು ಬರೆದು, ಸಮಚಿಹ್ನೆ ಹಾಕಿ, ಪಕ್ಕದಲ್ಲಿ ‘ಪಟ್ಟಿ’ ಎಂದು ಬರೆದಳು. ಆಮೇಲೆ ನಿಶ್ಚಿಂತೆಯಿಂದ ‘ಪಟ್ಟಿ’ಯ ಅಂಕಿಗಳನ್ನೆಲ್ಲ ತಿದ್ದಿ ಎರಡನ್ನೂ ಉಳಿಸಿಟ್ಟಳು. ಮೇಸ್ತ್ರಿ ಬೆನ್ನ ಹಿಂದೆ ನಿಂತು ಟೀ ಹೀರುತ್ತಿದ್ದ.

ಸಂಜೆ ‘ಹಳೆಯದು’ ತೆರೆದರೆ ಅದರಲ್ಲೂ ಹೊಸ ಅಂಕಿಗಳೇ.

“ಶೀಶೆ ಎಲ್ಲಿ ತುಂಬಿದ್ಯಮ್ಮ?” ಎಂದ ಮೇಸ್ತ್ರಿ. “ಅದೇ ಡ್ರಮ್ಮಿಗೆ ಇನ್ನೊಂದು ಚೀಟಿ ಅಂಟಿಸಿದ್ದೀಯ, ಅಷ್ಟೆ. ಯಾವ ಹೆಸರಲ್ಲಿ ಕರೆದ್ರೂ ಒಳಗಿರೋದು ಒಂದೇ ಪಟ್ಟಿ. ನಕಲು ಮಾಡು ಅಂತ ಬಿಡಿಸಿ ಹೇಳಿದ್ರೇನೇ ಅದು ಬೇರೆ ಮಾಡೋದು.”

“ನಿಮಗೆ ಮೊದಲೇ ಗೊತ್ತಿತ್ತಾ?”

“ಗೊತ್ತಿಲ್ದೆ ಏನು? ನನ್ನ ಅಳಿಯ ಇದನ್ನೇ ಕಲಿತೋನು. ಅಳತೆಗೆ ನಿನ್ನ ಬಿಟ್ರೆ ಇಲ್ಲ ಅಂತಿದ್ಯಲ್ಲ, ನೋಡೋಣ ಅಂತ ಸುಮ್ನಿದ್ದೆ.”

ಹಳೆಯ ಬಟ್ಟೆಯ ತುಣುಕುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು, ಪುಡಿ ಕಲಸಿ, ಅದ್ದಿ, ಒಣಗಿಸಿ, ಹತ್ತೊಂಬತ್ತು ದಿನದಲ್ಲಿ ಪಟ್ಟಿಯನ್ನು ಮತ್ತೆ ಕಟ್ಟಿದಳು. ಒಂದು ಬಣ್ಣವೂ ತಪ್ಪಿರಲಿಲ್ಲ. ಮೇಸ್ತ್ರಿ ಯಜಮಾನರಿಗೆ, ಅಂಕಿ ಅದೇ ಇರಬಹುದು, ಆದರೆ ಇದು ಆ ಪಟ್ಟಿಯಲ್ಲ, ಬೇರೆಯದು, ಕಳೆದದ್ದು ಕಳೆದೇ ಹೋಯಿತು ಎಂದು ಕಿವಿಯೂದಿದ. ಯಜಮಾನರು ಪಟ್ಟಿಯನ್ನು ಇಟ್ಟುಕೊಂಡರು, ಅವಳನ್ನು ಕೆಲಸದಲ್ಲಿ ಇಟ್ಟುಕೊಳ್ಳಲಿಲ್ಲ. ಆ ಕುರ್ಚಿಗೆ ಮೇಸ್ತ್ರಿಯ ಅಳಿಯ ಬಂದ. ಅವಳು ಕೈಕಾಲು ಹಿಡಿದ ಮೇಲೆ ನನ್ನ ಜೊತೆ ಡ್ರಮ್ಮು ತೊಳೆಯಲು ಹಾಕಿದರು.

ಎರಡನೆಯ ವಾರವೇ ಅಳಿಯ ನಮ್ಮ ಹತ್ತಿರ ಬಂದು, ಕಡುನೀಲಿ ಸರಿಯಾಗಿ ಬರುತ್ತಿಲ್ಲ, ಕಲಸುವಾಗ ಎಲ್ಲಿ ತಪ್ಪುತ್ತಿದ್ದೇನೆ ಎಂದು ಕೇಳಿದ. ಅವಳು ಡ್ರಮ್ಮಿನಿಂದ ತಲೆಯೆತ್ತದೆ ಅವನು ಎಲ್ಲಿ ತಪ್ಪಿದ್ದಾನೆಂದು ಹೇಳಿದಳು.

ಅವನು ಹೋದ ಮೇಲೆ, ನಿನಗೆ ನಾಚಿಕೆಯಿಲ್ಲವೇ ಎಂದು ನಾನೇ ರೇಗಿದೆ.

“ಹೇಳ್ದಿದ್ರೆ ಇದೂ ಹೋಗುತ್ತೆ, ಅತ್ತಿಗೆ,” ಎಂದು ಉಜ್ಜುತ್ತಲೇ ಇದ್ದಳು.