ಎಸ್ಟಿಮೇಟಿನಲ್ಲಿ ಇಲ್ಲದ ಗೋಡೆ

ಸರ್ಕಾರಿ ಕಟ್ಟಡಗಳ ಎಸ್ಟಿಮೇಟು ಕಚೇರಿಯಲ್ಲಿ ತಯಾರಾಗುತ್ತದೆ ಎಂದು ಜನ ತಿಳಿದಿರುತ್ತಾರೆ. ಸುಳ್ಳು. ನಮ್ಮ ಕಾಲದಲ್ಲಿ ಅದು ತಯಾರಾಗುತ್ತಿದ್ದದ್ದು ನನ್ನ ಅಡುಗೆಮನೆಯ ಹೊಸ್ತಿಲ ಹತ್ತಿರ. ನಮ್ಮ ಮನೆಯವರು ಓವರ್‌ಸಿಯರ್. ಸೈಕಲ್ ಮೇಲೆ ಹಳ್ಳಿಹಳ್ಳಿ ತಿರುಗಿ, ಸಂಜೆ ಬಂದು ಕಾಲು ತೊಳೆದು, ಒಲೆಯ ಬೆಳಕು ಬೀಳುವಲ್ಲಿ ಕಾಗದ ಹರಡಿಕೊಂಡು ಕೂಡುತ್ತಿದ್ದರು. ನಾನು ರೊಟ್ಟಿ ಬಡಿಯುವ ಸದ್ದಿಗೆ ಅವರ ಗುಣಾಕಾರ ತಪ್ಪುತ್ತಿತ್ತು. ಅವರ ಗೊಣಗಾಟ ಕೇಳುತ್ತ ನನ್ನ ರೊಟ್ಟಿ ಸೀಯುತ್ತಿತ್ತು. ದಿನಕ್ಕೊಂದು ಜಗಳ ಕಾಯಂ.

ನಾನು ಹೆಣ್ಣುಮಕ್ಕಳ ಶಾಲೆಯ ಶಿಕ್ಷಕಿ, ನಮ್ಮ ಕಡೆಯ ಮಾತಿನಲ್ಲಿ ಅಕ್ಕೋರು. ನನ್ನೆದುರು ಯಾರಾದರೂ ನನಗೆ ತಿಳಿಯದ ಮಾತಾಡಿದರೆ ಮೈ ಉರಿಯುತ್ತದೆ. ಒಂದು ಸಂಜೆ ಹಿಟ್ಟಿನ ಕೈಯಲ್ಲೇ ಗದರಿದೆ.

"ಅದೇನ್ರಿ, ಲೀಡು, ಬ್ರಾಸು ಅಂತ ಬಡಬಡಸ್ತೀರಿ? ತಿಳಿಯೂಹಂಗ ಹೇಳ್ರಿ."

"ನೋಡು, ಎಷ್ಟು ರೊಟ್ಟಿ ಬೇಕು ಅನ್ನೂದು ಅಳತಿ," ಎಂದರು. "ಎಂಥಾ ಹಿಟ್ಟು, ಎಷ್ಟು ನೀರು, ಎಷ್ಟು ತೆಳುವು ಅನ್ನೂದು ಸ್ಪೆಸಿಫಿಕೇಶನ್. ಜ್ವಾಳ ಎಷ್ಟು ದೂರದಿಂದ ಹೊತ್ತು ತರಬೇಕು ಅನ್ನೂದು ಲೀಡು. ಎಲ್ಲಾ ಕೂಡಿಸಿ ಒಂದು ರೊಟ್ಟಿಗಿ ಏನು ಬೀಳತೈತಿ ಅನ್ನೂದು ರೇಟು. ಮುಗೀತು."

"ಮತ್ತ ಬ್ರಾಸು?"

"ಹತ್ತಡಿ ಉದ್ದ, ಹತ್ತಡಿ ಅಗಲ, ಒಂದಡಿ ಎತ್ತರ ಕಲ್ಲು ಒಟ್ಟಿದ್ರ ಒಂದು ಬ್ರಾಸು."

"ಗ್ವಾಡಿ ಲೆಕ್ಕದಾಗ ಬಾಗಲಾ, ಕಿಟಕಿ ಜಾಗಾ ಕಳೀತೀರಲ್ಲ. ರೊಟ್ಟಿ ತೂತು ಬಿದ್ರ ಅದನ್ನೂ ಕಳೀತೀರೇನು?"

"ನಿನ್ನ ರೊಟ್ಟಿಗಿ ತೂತು ಕಳದ್ರ ಕೈಯಾಗ ಏನೂ ಉಳ್ಯಂಗಿಲ್ಲ ಬಿಡು."

ಅವತ್ತು ಪಲ್ಯಕ್ಕೆ ಉಪ್ಪು ಹಾಕುವುದನ್ನು ನಾನು ಬೇಕೆಂದೇ ಮರೆತೆ.

ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಎಲ್ಲ ಮುಗಿಸಿ ನಾವು ಮುದ್ದೇಬಿಹಾಳ ತಾಲೂಕಿಗೆ ಬಂದದ್ದು ಮುಂಬೈ ಸರ್ಕಾರ ಹೋಗಿ ಮೈಸೂರು ಸರ್ಕಾರ ಬಂದ ಹೊಸದರಲ್ಲಿ. ಇಂಡಿಯ ಕಡೆ ಅವರಿಗೆ ಎರಿ ಮಣ್ಣಿನ ಕಾಟ. ತಳಪಾಯ ತೋಡಿದಷ್ಟೂ ಕರಿ ಮಣ್ಣೇ, ಗಟ್ಟಿ ನೆಲ ಸಿಗುವತನಕ ಇಳಿಯಬೇಕು, ಕಲ್ಲು ದೂರದಿಂದ ಗಾಡಿಯ ಮೇಲೆ ಬರಬೇಕು. ಇಲ್ಲಿ ಎಲ್ಲ ಉಲ್ಟಾ. ಕಾಲಿಟ್ಟಲ್ಲಿ ಕಲ್ಲು. ನಾಲತವಾಡದ ದಾರಿಯ ಒಂದು ಹಳ್ಳಿಯಲ್ಲಿ ನನಗೆ ಶಾಲೆ ಸಿಕ್ಕಿತು, ಅಲ್ಲೇ ಮನೆ ಮಾಡಿದೆವು.

ಶಾಲೆ ಎಂದರೆ ಊರ ಗೌಡರ ಮನೆಯ ಪಡಸಾಲೆ. ಒಂದು ಬದಿಗೆ ಮೆಣಸಿನಕಾಯಿ ಚೀಲ, ಇನ್ನೊಂದು ಬದಿಗೆ ನನ್ನ ಹುಡುಗಿಯರು. ಮಗ್ಗಿ ಹೇಳುವುದಕ್ಕಿಂತ ಸೀನುವುದೇ ಹೆಚ್ಚು. ಕೊನೆಗೂ ಒಂದು ಕೋಣೆಯ ಶಾಲೆ ಕಟ್ಟಲು ಅಪ್ಪಣೆ ಬಂತು. ಊರವರು ಜಾಗ ಕೊಟ್ಟರು. ಕೊಡುವುದೇನು, ಬಿತ್ತಿದರೆ ಒಂದು ಕಾಳೂ ಬೆಳೆಯದ, ಬರೀ ಕಲ್ಲು ತುಂಬಿದ ಜಾಗವನ್ನು ನಮ್ಮ ತಲೆಗೆ ಕಟ್ಟಿದರು. ಅದೂ ಊರ ಹೊರಗೆ, ಬಸ್ಸು ಗಾಡಿ ಹಾಯುವ ದಾರಿಯ ಪಕ್ಕದಲ್ಲಿ. ಆದರೂ ನನಗೆ ಖುಷಿಯೋ ಖುಷಿ. ಎಸ್ಟಿಮೇಟನ್ನು ಆ ವಾರವೇ ಬರೆದು ಮುಗಿಸಿರೆಂದು ಗಂಡನ ಬೆನ್ನು ಹತ್ತಿದೆ.

ಅಷ್ಟರಲ್ಲಿ ಊರಿನ ಕಿರಾಣಿ ಅಂಗಡಿಯ ಸಾಹುಕಾರರು ತಣ್ಣೀರು ಎರಚಿದರು. ಅವರ ಮಗಳು ನನ್ನ ನಾಲ್ಕನೆಯ ಇಯತ್ತೆಯಲ್ಲಿ ಓದುತ್ತಿದ್ದಳು. ಲೆಕ್ಕದಲ್ಲಿ ಚುರುಕು ಅಂದರೆ ಚುರುಕು. ನಾನು ಫಲಕದ ಮೇಲೆ ಬರೆದು ತಿರುಗುವುದರೊಳಗೆ ಉತ್ತರ ಹೇಳಿ ಜಡೆ ಕಚ್ಚುತ್ತ ಕೂತಿರುತ್ತಿದ್ದಳು. ನನಗೆ ಆಕೆಯ ಮೇಲೆ ಜೀವ.

"ಅಕ್ಕೋರ, ನಿಮ್ಮ ಹೊಸಾ ಸಾಲಿಗಿ ನನ್ನ ಮಗಳನ್ನ ಕಳಸಂಗಿಲ್ರಿ," ಎಂದರು ಸಾಹುಕಾರರು.

"ಯಾಕ್ರಿ?"

"ಸುತ್ತ ಗ್ವಾಡಿ ಇಲ್ಲ. ದಾರಿಗಿ ಹೋಗವ್ರು ಬರವ್ರು ಎಲ್ಲಾರೂ ನೋಡಕೋತ ನಿಲ್ಲತಾರ. ಹುಡುಗಿ ದೊಡ್ಡಾಕಿ ಆಗಾಕತ್ಯಾಳ. ಗ್ವಾಡಿ ಇದ್ರ ಕಳಸ್ತೇನಿ, ಇಲ್ಲಂದ್ರ ಮನ್ಯಾಗ ಇರ್ತಾಳ."

ಮಸೀದಿ ಓಣಿಯವರನ್ನು ಕೇಳಿದೆ, ಗುಡಿ ಓಣಿಯವರನ್ನು ಕೇಳಿದೆ. ಬೇರೆ ಯಾವ ಮಾತಿಗೂ ಕೂಡದ ಎರಡೂ ಓಣಿ ಇದೊಂದಕ್ಕೆ ಕೂಡಿದವು. ಸಾಹುಕಾರರು ಕಳಿಸಿದರೆ ನಾವೂ ಕಳಿಸುತ್ತೇವೆ, ಅವರು ಬಿಡಿಸಿದರೆ ನಾವೂ ಬಿಡಿಸುತ್ತೇವೆ. ಹುಡುಗಿಯರೇ ಬರದಿದ್ದರೆ ಕೋಣೆ ಕಟ್ಟಿ ಏನು ಕುರಿ ಕೂಡಿಹಾಕುವುದೇ?

ರಾತ್ರಿ ಊಟಕ್ಕೆ ಬಡಿಸುತ್ತಲೇ ಹೇಳಿದೆ. "ನಿಮ್ಮ ಎಸ್ಟಿಮೇಟಿನಾಗ ಒಂದು ಕಾಂಪೌಂಡ್ ಗ್ವಾಡಿ ಹಾಕ್ರಿ."

"ಅದು ಬರಂಗಿಲ್ಲ. ಒಂದು ಕೋಣಿ ಸಾಲಿಗಿ ಸರ್ಕಾರದ್ದು ಒಂದು ನಕಾಶೆ ಇರತೈತಿ. ಅದರಾಗ ಗ್ವಾಡಿ ಇಲ್ಲ."

"ಅನಿರೀಕ್ಷಿತ ಖರ್ಚು ಅಂತ ಕೆಳಗ ಒಂದಿಷ್ಟು ಇಟ್ಟಿರ್ತೀರಲ್ಲ, ಅದರಾಗ?"

"ಗ್ವಾಡಿ ಅನಿರೀಕ್ಷಿತ ಹ್ಯಾಂಗ ಆಗತೈತಿ? ನೀ ಈಗ ಕೇಳಾಕತ್ತೀಯಲ್ಲ!"

ಇಂಥ ಪ್ರಾಮಾಣಿಕ ಗಂಡನನ್ನು ಕಟ್ಟಿಕೊಂಡು ಹೆಣಗುವುದು ಎಷ್ಟು ಕಷ್ಟ ಎಂದು ಕಟ್ಟಿಕೊಂಡವರಿಗೇ ಗೊತ್ತು. ಸಿಟ್ಟಿಗೆ ಆ ಎಸ್ಟಿಮೇಟನ್ನೇ ಎಳೆದುಕೊಂಡು ಒಂದೊಂದೇ ಸಾಲು ಗಟ್ಟಿಯಾಗಿ ಓದತೊಡಗಿದೆ. ತಳಪಾಯ ಅಗೆಯುವುದು. ಸುಣ್ಣದ ಗಾರೆಯಲ್ಲಿ ಕಲ್ಲು ಕಟ್ಟಡ. ತೇಗದ ಬಾಗಿಲು, ಬಣ್ಣ ಎರಡು ಕೈ. ಓದುತ್ತ ಓದುತ್ತ ಒಂದು ಸಾಲಿಗೆ ಬಂದೆ: ಜಾಗದಲ್ಲಿರುವ ಕಲ್ಲುಗಳನ್ನು ಆಯ್ದು ತೆಗೆದು, ನೆಲ ಸಮ ಮಾಡಿ, ಕಲ್ಲನ್ನು ಎರಡು ಫರ್ಲಾಂಗು ದೂರ ಒಯ್ದು ಹಾಕುವುದು.

"ಇದ್ಯಾಕ್ರಿ ದೂರ ಒಯ್ಯೂದು? ಕಲ್ಲು ಚೆಲ್ಲಾಕ ಸರ್ಕಾರ ಗಾಡಿ ಬಾಡಿಗಿ ಕೊಡತೈತೇನು? ಅಲ್ಲೇ ಅಂಚಿಗಿ ಇಟ್ರ ಆಗಂಗಿಲ್ಲ?"

ಅವರು ಬಾಯಿಗೆ ಒಯ್ದ ತುತ್ತನ್ನು ಅಲ್ಲೇ ಹಿಡಿದರು. ಎಡಗೈಯಲ್ಲಿ ಪೆನ್ಸಿಲ್ ಎತ್ತಿಕೊಂಡು ಆ ಸಾಲನ್ನು ಹೊಡೆದುಹಾಕಿ ಹೊಸದಾಗಿ ಬರೆದರು: ಕಲ್ಲನ್ನು ಜಾಗದ ಗಡಿಗುಂಟ ಅಚ್ಚುಕಟ್ಟಾಗಿ ಒಟ್ಟುವುದು. ಎತ್ತರ, ಓವರ್‌ಸಿಯರ್ ಹೇಳಿದಷ್ಟು.

"ಗಾರಿ ಹಾಕಿದ್ರ ಗ್ವಾಡಿ," ಎಂದರು. "ಗಾರಿ ಇಲ್ಲಂದ್ರ ಬರೀ ಒಟ್ಟಿದ ಕಲ್ಲು. ಲೀಡೂ ಉಳೀತು, ಸರ್ಕಾರಕ್ಕ ಖರ್ಚೂ ಕಡಿಮಿ."

ಆ ಮನುಷ್ಯನ ಮುಖವನ್ನು ಅಷ್ಟು ಪ್ರೀತಿಯಿಂದ ನಾನು ಮದುವೆಯ ದಿನವೂ ನೋಡಿರಲಿಲ್ಲ. ಖರ್ಚು ಕಡಿಮೆಯಾಗುವ ಎಸ್ಟಿಮೇಟು ಎಲ್ಲಿಯಾದರೂ ನಿಲ್ಲುತ್ತದೆಯೇ? ಮಂಜೂರಾಗಿ ಬಂತು.

ಕೆಲಸಕ್ಕೆ ಬಂದ ಗೌಂಡಿ ಮಸೀದಿ ಓಣಿಯ ಚಾಚಾ. ಕೋಣೆ ಎದ್ದಿತು, ಕಲ್ಲು ಒಟ್ಟುವ ಹೊತ್ತು ಬಂತು. ಗಾರೆ ಇಲ್ಲ, ಮಣ್ಣೂ ಇಲ್ಲ, ಬರೀ ಕಲ್ಲಿನ ಮೇಲೆ ಕಲ್ಲು ಒಟ್ಟು ಎಂದರೆ ಚಾಚಾ ಮೀಸೆ ತಿರುವಿದ.

"ಒಟ್ಟು ಅಂದ್ರ ಒಟ್ಟತೇನ್ರಿ ಸಾಹೇಬ್ರ. ಆದ್ರ ನನ್ನ ಕೈ ಸುಮ್ಕ ಇರಂಗಿಲ್ಲ, ಗ್ವಾಡಿ ಕಟ್ಟಾಕ ಹೋಗತೈತಿ."

"ಹೋದ್ರ ಹೋಗಲಿ," ಎಂದರು ಇವರು, ಬೇರೆ ಕಡೆ ನೋಡುತ್ತ.

ದಪ್ಪ ಕಲ್ಲು ಕೆಳಗೆ, ಸಂದಿಗೆ ಚಕ್ಕೆ, ನಡುನಡುವೆ ಎರಡೂ ಮೈ ಹಿಡಿಯುವ ಉದ್ದ ಕಲ್ಲು. ಒಟ್ಟಿದ ಕಲ್ಲಿಗೆ ಬಾಗಿಲು ಹಚ್ಚುವಂತಿಲ್ಲವಲ್ಲ, ಅದಕ್ಕೆ ಒಳಗೆ ಹೋಗುವಲ್ಲಿ ಒಂದು ಕಲ್ಲಿನ ಸಾಲು ಮುಂದೆ, ಇನ್ನೊಂದು ಹಿಂದೆ ಬಂದು ನಡುವೆ ದಾರಿ ಉಳಿಯುವ ಹಾಗೆ ಮಾಡಿದ. ಸೊಟ್ಟ ಹಾಯ್ದು ಒಳಗೆ ಹೋಗಬೇಕು. ಹೊರಗೆ ನಿಂತವರಿಗೆ ಏನೂ ಕಾಣದು.

ಸಾಹುಕಾರರು ಪರೀಕ್ಷೆಗೆ ಬಂದರು. ಅವರು ಬೆಲ್ಲ ಕೊಳ್ಳುವಾಗಲೂ ಮೂಸಿ, ಚಿವುಟಿ, ಮುರಿದು ನೋಡುವ ಜಾತಿ. ಹೊರಗೆ ನಿಂತು ಇಣುಕಿದರು, ಕಾಣಲಿಲ್ಲ. ತುದಿಗಾಲ ಮೇಲೆ ನಿಂತರು, ಕಾಣಲಿಲ್ಲ. ನನಗೆ ನಗು ತಡೆಯಲಾಗುತ್ತಿರಲಿಲ್ಲ. ಕಡೆಗೆ ತಮ್ಮ ಗಾಡಿ ತರಿಸಿ ಅದರ ಮೇಲೆ ಹತ್ತಿ ನಿಂತರು.

"ಅಕ್ಕೋರ, ಗಾಡಿ ಮ್ಯಾಲ ನಿಂತ್ರ ನಿಮ್ಮ ತಲಿ ಕಾಣತೈತ್ರಿ!"

"ನನ್ನ ತಲಿ ನೋಡಾಕ ಯಾರು ಗಾಡಿ ಹೂಡಕೊಂಡು ಬರತಾರ್ರಿ?"

"ಅದೆಲ್ಲಾ ಬ್ಯಾಡ. ಇನ್ನೊಂದು ಸಾಲು ಏರಸ್ರಿ."

ಏರಿಸಿದೆವು. ಮರುದಿನ ಮಗಳು ಪಾಟಿ ಚೀಲ ಹಿಡಿದು ಬಂದಳು, ಆಕೆಯ ಹಿಂದೆ ಎರಡೂ ಓಣಿಯ ಹುಡುಗಿಯರು ಬಂದರು. ನನ್ನ ಕೋಣೆ ಗಿಜಿಗಿಜಿ ಎಂದಿತು.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಕೆಲಸದ ಕೊನೆಯ ಅಳತೆ ನೋಡಲು ಇವರ ಮೇಲಿನ ಅಧಿಕಾರಿ, ರಾವಸಾಹೇಬರು, ಜೀಪಿನಲ್ಲಿ ಬಂದರು. ಮೈಸೂರಿನ ಕಡೆಯವರು, ಮಾತು ಮೆತ್ತಗೆ, ಕಣ್ಣು ಸೂಜಿ.

"ಏನ್ರೀ ಇದು? ಕಾಂಪೌಂಡ್ ಗೋಡೆಗೆ ಯಾರು ಮಂಜೂರಾತಿ ಕೊಟ್ಟರು?"

"ಗ್ವಾಡಿ ಅಲ್ರಿ ಸಾಹೇಬ್ರ. ಒಟ್ಟಿದ ಕಲ್ಲು. ಎಸ್ಟಿಮೇಟಿನಾಗ ಐತ್ರಿ."

ರಾವಸಾಹೇಬರು ಸುತ್ತ ನಡೆದರು. ಕೈಯಿಂದ ದೂಡಿದರು, ಅದು ಜಪ್ಪಯ್ಯ ಅನ್ನಲಿಲ್ಲ. ಸಂದಿಯಲ್ಲಿ ಗಾರೆ ಹುಡುಕಿದರು, ಸಿಗಲಿಲ್ಲ. ಸೊಟ್ಟ ದಾರಿಯಲ್ಲಿ ಒಳಗೆ ಬಂದು, ಹುಡುಗಿಯರು ಎದ್ದು ನಿಂತು ನಮಸ್ಕಾರ ಎಂದಾಗ ಮುಗುಳ್ನಕ್ಕರು. ಗೆದ್ದೆವು ಅಂದುಕೊಂಡೆ.

"ಸರಿ, ಒಟ್ಟಿದ ಕಲ್ಲೇ ಇರಲಿ," ಎಂದರು. "ಹಾಗಾದರೆ ಇದು ಸರ್ಕಾರದ ಕಲ್ಲು. ಕೆಲಸ ಮುಗಿದ ಮೇಲೆ ಉಳಿದ ಸಾಮಾನನ್ನು ಹರಾಜು ಹಾಕಬೇಕಲ್ಲವೇ? ಹಾಕಿಬಿಡಿ."

ಜೀಪು ಹೋದ ಮೇಲೆ ಇವರ ಮೇಲೆ ಹರಿಹಾಯ್ದೆ. "ಗ್ವಾಡಿ ಅಂದಿದ್ರ ನಿಮ್ಮ ನೌಕರಿ ಹೋಗತಿತ್ತು, ಕಲ್ಲು ಅಂದಿದ್ದಕ್ಕ ನನ್ನ ಸಾಲಿ ಹೋಗತೈತಿ!" ಇವರು ಹರಾಜಿನ ಷರತ್ತು ಬರೆಯುತ್ತ ಕೂತರು. ನಾನು ಮಾತು ಬಿಟ್ಟೆ.

ಹರಾಜಿಗೆ ನಾಲತವಾಡದ ಗುತ್ತೇದಾರನೊಬ್ಬ ಬಂದ. ಸುತ್ತ ಕಲ್ಲಿಗೇನು ಬರವೇ? ಆದರೆ ಆಯ್ದು ಇಟ್ಟ ಕಲ್ಲು ಅಂದರೆ ಆಳಿನ ಕೂಲಿ ಉಳಿಯಿತಲ್ಲ. ಹಿಂದೆಯೇ ಖಾಲಿ ಗಾಡಿಗಳನ್ನೂ ತಂದಿದ್ದ. ಒಳಗೆ ನಾನು ಭಾಗಾಕಾರ ಕೊಟ್ಟು ಕೂಡಿಸಿದ್ದೆ, ಯಾರೂ ಬರೆಯುತ್ತಿರಲಿಲ್ಲ. ಎಲ್ಲರ ಕಿವಿಯೂ ಹೊರಗೆ. ಸಾಹುಕಾರರ ಮಗಳು ಜಡೆ ಕಚ್ಚುವುದನ್ನೂ ಮರೆತು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಸೊಟ್ಟ ದಾರಿಯ ಬಾಯಿಗೆ ಬಂದು ನಿಂತೆ.

ಗುತ್ತೇದಾರ ಕೂಗಿದ. ಅವನ ಮೇಲೆ ಯಾರೂ ಕೂಗಲಿಲ್ಲ. ಇವರು ಒಂದು ಸಾರಿ ಅಂದರು, ಎರಡು ಸಾರಿ ಅಂದರು, ಮೂರನೆಯದನ್ನು ಅನ್ನದೆ ಕಾಗದ ತಿರುವುತ್ತ ನಿಂತರು. ಆಗ ಜನರ ಹಿಂದಿನಿಂದ ಸಾಹುಕಾರರ ದನಿ ಬಂತು, ಅವನ ಮೇಲೆ ನಾಲ್ಕಾಣೆ ಏರಿಸಿ. ಗುತ್ತೇದಾರ ಏರಿಸಿದ. ಸಾಹುಕಾರರು ಮತ್ತೆ ನಾಲ್ಕಾಣೆ. ಅವನು ಎಷ್ಟೇ ಜಿಗಿಯಲಿ, ಸಾಹುಕಾರರದು ಅದರ ಮೇಲೆ ನಾಲ್ಕೇ ಆಣೆ, ಒಂದು ಕಾಸು ಹೆಚ್ಚಿಲ್ಲ. ಗುತ್ತೇದಾರನಿಗೆ ರೇಗಿತು.

"ಸಾವುಕಾರ್ರ, ಅಂಗಡ್ಯಾಗ ಕಲ್ಲು ಮಾರತೀರೇನ್ರಿ?"

"ಬೇಕಾಗ್ಯಾವ, ಕೂಗಾಕತ್ತೇನಿ. ನೀ ಕೂಗೂದಿದ್ರ ಕೂಗು, ಇಲ್ಲಂದ್ರ ಗಾಡಿ ಹೊಡಿ."

ಅವನು ಗಾಡಿ ಹೊಡೆದುಕೊಂಡು ಹೋದ. ಒಳಗೆ ಹುಡುಗಿಯರು ಹೋ ಎಂದು ಕಿರುಚಿದರು. ನಾನು ಗದರಲಿಲ್ಲ, ನನಗೇ ಅಳು ಬಂದಿತ್ತು.

ಇವರು ಷರತ್ತು ಓದಿದರು. ಕೊಂಡವರು ಕಲ್ಲನ್ನು ಸ್ವಂತ ಖರ್ಚಿನಲ್ಲಿ ಒಯ್ಯತಕ್ಕದ್ದು. ಅಷ್ಟೇ. ಯಾವಾಗ ಒಯ್ಯಬೇಕು ಎಂಬುದನ್ನು ಬರೆದೇ ಇರಲಿಲ್ಲ. ಅರ್ಧ ಅಂಗುಲ ಬಿಡದ ನನ್ನ ಗಂಡ ಇಡೀ ಒಂದು ಸಾಲನ್ನು ಬಿಟ್ಟಿದ್ದರು! ಪಲ್ಯಕ್ಕೆ ಉಪ್ಪು ಮರೆಯುವ ವಿದ್ಯೆ ನನ್ನಿಂದಲೇ ಅವರಿಗೆ ಬಂದಿರಬೇಕು. ಆ ಸಂಜೆ ಅವರಿಗೆ ಹೋಳಿಗೆ ಮಾಡಿ ಹಾಕಿದೆ.

"ಯಾವಾಗ ಒಯ್ತೀರಿ ಸಾವುಕಾರ್ರ?" ಎಂದು ಇವರು ಕೇಳಿದ್ದರು, ದಫ್ತರಕ್ಕೆ ಬೇಕಲ್ಲ.

"ಮಗಳ ಸಾಲಿ ಮುಗೀಲ್ರಿ, ಒಯ್ತೇನಿ."

ಆಕೆ ಮುಂದೆ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದಳು. ಅಷ್ಟರಲ್ಲಿ ನಮಗೆ ಮತ್ತೆ ಇಂಡಿಗೆ ವರ್ಗವಾಗಿತ್ತು. ಕೆಲವು ವರ್ಷಗಳ ಮೇಲೆ ನಾಲತವಾಡಕ್ಕೆ ಹೋಗುವ ಬಸ್ಸಿನ ಕಿಟಕಿಯಿಂದ ಆ ಗೋಡೆ ಕಂಡಿತು, ಒಂದು ಕಲ್ಲೂ ಕದಲದೆ ಹಾಗೇ ನಿಂತಿತ್ತು. ಮನಸ್ಸು ತಡೆಯದೆ ಅಲ್ಲೇ ಇಳಿದೆ. ಒಳಗಿನಿಂದ ಮಗ್ಗಿ ಕೇಳಿಸುತ್ತಿತ್ತು. ಸಾಹುಕಾರರ ಅಂಗಡಿಗೆ ಹೋದರೆ, ಅವರ ತಲೆ ಬೆಳ್ಳಗಾಗಿತ್ತು, ಬೆಲ್ಲ ಮೂಸುವುದು ಬಿಟ್ಟಿರಲಿಲ್ಲ.

"ಏನ್ರಿ ಸಾವುಕಾರ್ರ, ಮಗಳ ಸಾಲಿ ಮುಗದ ಮ್ಯಾಲ ಒಯ್ತೇನಿ ಅಂದಿದ್ರಿ. ಕಲ್ಲು ಇನ್ನೂ ಅಲ್ಲೇ ಅದಾವಲ್ಲ?"

ಅವರು ತಕ್ಕಡಿಯಿಂದ ತಲೆ ಎತ್ತಲಿಲ್ಲ. "ಹ್ಯಾಂಗ ಒಯ್ಯಲ್ರಿ? ಟ್ರೇನಿಂಗ್ ಮುಗಿಸಿ ಬಂದು ಈಗ ಆಕೀನ ಅಲ್ಲಿ ಅಕ್ಕೋರು. ದಿನಾ ಮುಂಜಾನೆ ಸಾಲಿಗಿ ಹೋಗತಾಳ. ಎಲ್ಲಿ ಮುಗೀತ್ರಿ ಆಕಿ ಸಾಲಿ?"