ಗಂಡನ ಡೈರಿ ಓದಿದ ಮಧ್ಯಾಹ್ನ

ಡೈರಿಯ ರೂಪದಲ್ಲಿರುವ ಹಳೆಯ ಹಾಸ್ಯ ಕಾದಂಬರಿಗಳೆಂದರೆ ನನಗೆ ಮೊದಲಿನಿಂದಲೂ ಹುಚ್ಚು. ಚಿತ್ರದುರ್ಗದ ಲೈಬ್ರರಿಯಿಂದ ಒಂದು ಪುಸ್ತಕವನ್ನು ಎಷ್ಟು ಸಲ ತಂದಿದ್ದೇನೋ ಲೆಕ್ಕವಿಲ್ಲ. ಅದರಲ್ಲೊಬ್ಬ ಪೋಸ್ಟ್ ಮಾಸ್ತರ ತನಗಾದ ಸಣ್ಣಪುಟ್ಟ ಅವಮಾನಗಳನ್ನೆಲ್ಲ ಬಹಳ ಗಂಭೀರವಾಗಿ ಬರೆದಿಡುತ್ತಾನೆ. ತಾನು ನಗೆಪಾಟಲಾಗುತ್ತಿರುವುದು ಅವನೊಬ್ಬನಿಗೇ ಗೊತ್ತಿಲ್ಲ.

ನನ್ನ ಗಂಡನೂ ಡೈರಿ ಬರೆಯುತ್ತಿದ್ದರು. ಕಚೇರಿಯಿಂದ ನಿವೃತ್ತರಾದ ಮೇಲೂ ಬಿಟ್ಟಿರಲಿಲ್ಲ. ಹೋದ ವರ್ಷ ಬೀರು ಒರೆಸುವಾಗ ಮೊದಲ ಸಲ ಅವರ ಡೈರಿ ತೆರೆದು ನೋಡಿದೆ. ನಾನು ಹುಡುಕಿದ್ದು ನನ್ನನ್ನೇ. ಸಿಕ್ಕಿದ್ದು ಇಷ್ಟು: ‘ಸಾರಿಗೆ ಉಪ್ಪು ಜಾಸ್ತಿ. ಎರಡು ಸಲ ಹೇಳಿದರೂ ಇವಳಿಗೆ ತಿಳಿಯಲಿಲ್ಲ.’ ನನ್ನ ಅಮ್ಮ ತೀರಿಹೋದ ದಿನದ ಪುಟವೂ ಸಿಕ್ಕಿತು. ಆ ಪುಟವನ್ನು ಒಂದು ಹಾಳೆಯ ಮೇಲೆ ಬರೆದುಕೊಂಡು ಲೈಬ್ರರಿ ಪುಸ್ತಕದೊಳಗೆ ಇಟ್ಟೆ.

ಮುಂದಿನ ಭಾನುವಾರ ಹೊಳಲ್ಕೆರೆಯಲ್ಲಿರುವ ನಾದಿನಿಯ ಮನೆಗೆ ಹೋದೆವು; ಆ ಪುಸ್ತಕ ನನ್ನ ಚೀಲದಲ್ಲೇ ಇತ್ತು. ಊಟವಾದ ಮೇಲೆ ಎಲ್ಲರೂ ನಡುಮನೆಯಲ್ಲಿ ಕೂತರು.

“ಅತ್ತಿಗೆ, ಆ ಪೋಸ್ಟ್ ಮಾಸ್ತರಂದು ಓದ್ರಿ” ಎಂದಳು ನಾದಿನಿ.

ಎರಡು ಪುಟ ಪುಸ್ತಕದಿಂದ ಓದಿದೆ. ಆಮೇಲೆ ಅದೇ ದನಿಯಲ್ಲಿ ಹಾಳೆಯನ್ನು ಓದತೊಡಗಿದೆ. “ಇವಳ ತಾಯಿ ತೀರಿಕೊಂಡರು. ಬಸ್ಸು ಮುಕ್ಕಾಲು ಗಂಟೆ ತಡ. ಕಿಟಕಿ ಸೀಟು ಸಿಗಲಿಲ್ಲ.”

ಎಲ್ಲರಿಗಿಂತ ಜೋರಾಗಿ ನಕ್ಕವರು ಇವರೇ. “ಎಂಥ ಮಂಕಪ್ಪ ಇವ್ನು! ಅತ್ತೆ ಸತ್ರೆ ಕಿಟಕಿ ಸೀಟಿಂದೇ ಚಿಂತೆ ಐತಲ್ಲ ಇವ್ನಿಗೆ!”

ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. “ಹಿರಿಯೂರಿನಲ್ಲಿ ಇಳಿದು ಧರ್ಮಪುರದ ಬಸ್ಸು ಹಿಡಿಯುವಷ್ಟರಲ್ಲಿ ತಲೆನೋವು ಬಂತು.”

ಇವರ ನಗು ಅರ್ಧಕ್ಕೇ ನಿಂತಿತು. ಧರ್ಮಪುರ ನನ್ನ ತವರು. “ಅತ್ತಿಗೆ, ಇದೇನು ನಿಮ್ಮೂರಿನ ಹೆಸ್ರು ಬಂತು?” ಎಂದಳು ನಾದಿನಿ. ನಾನು ಪುಸ್ತಕ ಮುಚ್ಚಿದೆ. ಅವಳಿಗೂ ಅರ್ಥವಾಯಿತೆಂದು ಕಾಣುತ್ತದೆ, ಕಾಫಿ ಮಾಡುವ ನೆಪದಲ್ಲಿ ಎದ್ದು ಒಳಗೆ ಹೋದಳು.

ಊರಿಗೆ ಮರಳಿದ ಮೇಲೆ ಇವರು ಡೈರಿಯನ್ನು ಮುಟ್ಟಲಿಲ್ಲ. ಎರಡು ವಾರದ ಮೇಲೆ ಒಂದು ಬೆಳಿಗ್ಗೆ, ತಿಂಡಿ ತಿನ್ನುತ್ತಾ ಕೇಳಿದರು: “ಅದ್ರಾಗೆ ನಿನ್ನ ಬಗ್ಗೆ ಏನೂ ಬರೆದಿಲ್ಲ ಅಂತ ಸಿಟ್ಟೇನು?”

“ಹೂಂ ರೀ.”

“ದಿನಾ ಮನೇಲಿ ಇರೋದನ್ನ ಯಾರು ಬರೀತಾರೆ?”

ಅವರ ಮಟ್ಟಿಗೆ ಅದೇ ಸಮಾಧಾನದ ಮಾತು. ಪುಸ್ತಕದ ಮಾಸ್ತರ ಇದನ್ನೇ ಹೇಳಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಅವನ ಜೊತೆ ನಾನು ಸಂಸಾರ ಮಾಡಿಲ್ಲವಲ್ಲ. ಇವರ ತಟ್ಟೆಗೆ ಇನ್ನೊಂದು ದೋಸೆ ಹಾಕಿ ಒಳಗೆ ಹೋದೆ.